ಕಂಪನಿಯ ಮೇಲೆ ದಾವೆ ಬಿದ್ದಾಗ ನಿರ್ದೇಶಕರು ಕೈಯಿಂದ ಹಣ ಕಟ್ಟಬೇಕೇ?

[ಪರದೆಯ ಮೇಲೆ: ಸಮನ್ಸ್‌ನ ಮೊದಲ ಪುಟ]

ಸಮನ್ಸ್‌ನಲ್ಲಿ ಒಂದನೇ ಪ್ರತಿವಾದಿ ಕಂಪನಿ. ಎರಡು, ಮೂರು, ನಾಲ್ಕನೇ ಪ್ರತಿವಾದಿಗಳು ಅದರ ನಿರ್ದೇಶಕರು. ವ್ಯಾಪಾರದ ದಾವೆಗಳಲ್ಲಿ ಇದು ಎಲ್ಲೆಡೆ ಕಾಣುವ ಸಂಗತಿ. ತಮ್ಮ ಹೆಸರನ್ನು ಅಲ್ಲಿ ಕಂಡ ಕೆಲವರು "ನಮ್ಮದು ಲಿಮಿಟೆಡ್ ಕಂಪನಿ, ನನಗೇನೂ ಆಗುವುದಿಲ್ಲ" ಎಂದು ಕಾಗದವನ್ನು ಮಡಚಿ ಇಡುತ್ತಾರೆ. ಇನ್ನು ಕೆಲವರು ಮನೆಮಠವೆಲ್ಲ ಹೋಯಿತೆಂದು ಕುಸಿದು ಕೂರುತ್ತಾರೆ. ಇಬ್ಬರೂ ದುಡುಕಿದ್ದಾರೆ. ಇಂಥ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಕೊನೆಗೆ ಹುಡುಕುವುದು ಒಂದೇ ಪ್ರಶ್ನೆಗೆ ಉತ್ತರ: ಕಂಪನಿ ಮಾಡಿದ್ದು ಹಾಗಿರಲಿ, ಈ ನಿರ್ದೇಶಕ ಸ್ವತಃ ಏನು ಮಾಡಿದ?

[ಪರದೆಯ ಮೇಲೆ: ಲಂಡನ್, 1892]

ಏರನ್ ಸಾಲೊಮನ್ ಎಂಬ ಬೂಟು ತಯಾರಕ ತನ್ನ ವ್ಯಾಪಾರವನ್ನು ಹೊಸದಾಗಿ ನೋಂದಾಯಿಸಿದ ಕಂಪನಿಯೊಂದಕ್ಕೆ ಮಾರಿದ. ಷೇರುದಾರರು ಏಳು ಜನ: ಆತ, ಆತನ ಹೆಂಡತಿ, ಐವರು ಮಕ್ಕಳು. 20,007 ಷೇರುಗಳಲ್ಲಿ 20,001 ಆತನವೇ. ಕಂಪನಿ ಬೇಗನೆ ಮುಳುಗಿತು. ಸಾಲ ಕೊಟ್ಟವರು ಆತನನ್ನೇ ಹಿಡಿದುಕೊಂಡರು. ಕೆಳಗಿನ ಎರಡು ನ್ಯಾಯಾಲಯಗಳೂ ಅವರ ಪರ ನಿಂತವು. ಆದರೆ 1896ರ ನವೆಂಬರ್‌ನಲ್ಲಿ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪುಗಳನ್ನು ಒಮ್ಮತದಿಂದ ತಿರುವಿಹಾಕಿತು. ಕಾನೂನಿನಂತೆ ನೋಂದಣಿಯಾದ ಕಂಪನಿ ಬೇರೆಯೇ ಒಬ್ಬ ವ್ಯಕ್ತಿ. ಅದರ ಸಾಲ ಅದರದೇ.

ಈ ತತ್ವ ಇಂದಿಗೂ ಗಟ್ಟಿಯಾಗಿ ನಿಂತಿದೆ. "ಕಂಪನಿಯ ಮುಸುಕು ಸರಿಸುವುದು", ಅಂದರೆ ಕಂಪನಿ ಬೇರೆ ವ್ಯಕ್ತಿ ಎಂಬುದನ್ನು ಬದಿಗಿಟ್ಟು ಅದರ ಹಿಂದಿರುವವರನ್ನೇ ಹೊಣೆ ಮಾಡುವುದು, ಎಂಬ ಮಾತನ್ನು ನೀವು ಕೇಳಿರಬಹುದು. ನ್ಯಾಯಾಲಯಗಳು ಅದನ್ನು ಅಪರೂಪಕ್ಕೆ ಮಾಡುತ್ತವೆ. ನಿರ್ದೇಶಕರಿಗೆ ಅದು ದೊಡ್ಡ ಭಯವಾಗಬೇಕಾಗಿಯೂ ಇಲ್ಲ. ಅವರು ಸಿಕ್ಕಿಕೊಳ್ಳುವ ಹೆಚ್ಚಿನ ಪ್ರಕರಣಗಳಲ್ಲಿ ಮುಸುಕು ಇದ್ದಲ್ಲೇ ಇರುತ್ತದೆ. ಅವರನ್ನು ಹಿಡಿದುಕೊಡುವುದು ಅವರದೇ ಸಹಿ, ಅವರದೇ ಮಾತು, ಅವರದೇ ನಿರ್ಲಕ್ಷ್ಯ.

ಮೊದಲು ಸಹಿಯ ವಿಷಯ. ಕಂಪನಿಗೆ ಸಾಲ ಕೊಡುವ ಬ್ಯಾಂಕು, ಕಟ್ಟಡ ಬಾಡಿಗೆಗೆ ಕೊಡುವ ಮಾಲೀಕ, ಉದ್ದರಿಗೆ ಸರಕು ಕಳಿಸುವ ದೊಡ್ಡ ಪೂರೈಕೆದಾರ ಎಲ್ಲರಿಗೂ ಕಂಪನಿಯ ಸಾಲ ಕಂಪನಿಯದೇ ಎಂಬುದು ಗೊತ್ತು. ಅದಕ್ಕಾಗಿಯೇ ಅವರು ನಿರ್ದೇಶಕರಿಂದ ವೈಯಕ್ತಿಕ ಜಾಮೀನು, ಅಂದರೆ ಕಂಪನಿ ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎಂಬ ಮಾತು, ಬರೆಸಿಕೊಳ್ಳುತ್ತಾರೆ. ಹತ್ತಾರು ಕಾಗದಗಳ ನಡುವೆ ಅದೂ ಒಂದಾಗಿ ಬರುತ್ತದೆ, ಸಹಿ ಬೀಳುತ್ತದೆ. ಅಲ್ಲಿಗೆ ಸಾಲೊಮನ್ ಪ್ರಕರಣ ಕೊಟ್ಟ ರಕ್ಷಣೆಯನ್ನು ಆ ಸಾಲದ ಮಟ್ಟಿಗೆ ನೀವೇ ಬಿಟ್ಟುಕೊಟ್ಟಂತೆ. ಕಂಪನಿ ದಿವಾಳಿಯಾದರೂ ಜಾಮೀನು ಸಾಯುವುದಿಲ್ಲ. ದಿವಾಳಿ ಪ್ರಕ್ರಿಯೆಯಲ್ಲಿ ಕಂಪನಿಯ ಪುನಶ್ಚೇತನ ಯೋಜನೆಗೆ ಒಪ್ಪಿಗೆ ಸಿಕ್ಕಿತೆಂಬ ಮಾತ್ರಕ್ಕೆ ಜಾಮೀನುದಾರರು ತಾನಾಗಿಯೇ ಬಿಡುಗಡೆ ಹೊಂದುವುದಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ನನ್ನನ್ನು ಕೇಳಿದರೆ, ನಿರ್ದೇಶಕರು ಅತಿ ಹೆಚ್ಚು ಎಚ್ಚರದಿಂದ ಓದಬೇಕಾದ ಕಾಗದ ಇದೇ. ಮೊತ್ತಕ್ಕೆ ಮಿತಿ ಇದೆಯೇ? ಮುಂದೆ ಪಡೆಯುವ ಸಾಲಗಳಿಗೂ ಇದು ಅನ್ವಯಿಸುತ್ತದೆಯೇ? ಹುದ್ದೆ ಬಿಟ್ಟ ಮೇಲೂ ಮುಂದುವರಿಯುತ್ತದೆಯೇ? ಇವನ್ನು ಕೇಳುವುದಕ್ಕೆ ಸಂಕೋಚ ಬೇಡ.

ಮಾಮೂಲಿ ಒಪ್ಪಂದಗಳಲ್ಲಿಯೂ ಸಹಿಯ ಮೇಲೆ ಕಂಪನಿಯ ಪೂರ್ಣ ಹೆಸರು, "ಕಂಪನಿಯ ಪರವಾಗಿ" ಎಂಬ ಮಾತು, ಕೆಳಗೆ ನಿಮ್ಮ ಹುದ್ದೆ ಇರಲಿ. ಬರೀ ಹೆಸರು ಬರೆದು ಸಹಿ ಹಾಕಿದರೆ, ಒಪ್ಪಂದ ಯಾರದು ಎಂಬ ವಾದಕ್ಕೆ ನೀವೇ ಬಾಗಿಲು ತೆರೆದಂತಾಗುತ್ತದೆ.

[ಪರದೆಯ ಮೇಲೆ: 1998 ಮತ್ತು 2002, ಎರಡು ತೀರ್ಪುಗಳು]

ಇನ್ನು ಮಾತಿನ ವಿಷಯ. ಬ್ರಿಟನ್ನಿನ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಗೆರೆ ಎಲ್ಲಿದೆ ಎಂಬುದು ಕಾಣುತ್ತದೆ. 1998ರ ಪ್ರಕರಣದಲ್ಲಿ ಆರೋಗ್ಯ ಆಹಾರದ ಕಂಪನಿಯೊಂದು ಫ್ರಾಂಚೈಸಿ ಪಡೆಯಲು ಬಂದವರಿಗೆ ಲಾಭದ ಅಂದಾಜು ಕೊಟ್ಟಿತ್ತು. ಅಂದಾಜು ಎಚ್ಚರವಿಲ್ಲದೆ ಮಾಡಿದ್ದು; ಅಂಗಡಿ ನಷ್ಟಕ್ಕೆ ಬಿದ್ದು ಮುಚ್ಚಿತು. ಕಂಪನಿಯೂ ಇಲ್ಲವಾಗಿದ್ದರಿಂದ ಉಳಿದ ಪ್ರತಿವಾದಿ ವ್ಯವಸ್ಥಾಪಕ ನಿರ್ದೇಶಕನೊಬ್ಬನೇ. ಆತ ಹೊಣೆಗಾರನಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. ಆ ಸಲಹೆಗೆ ತಾನೇ ವೈಯಕ್ತಿಕವಾಗಿ ಜವಾಬ್ದಾರ ಎಂದು ಗ್ರಾಹಕರು ನಂಬುವಂತೆ ಆತ ನಡೆದುಕೊಂಡಿರಲಿಲ್ಲ.

2002ರ ಪ್ರಕರಣ ಹಡಗಿನ ಸರಕಿನದು. ಬ್ಯಾಂಕಿನಿಂದ ಹಣ ಪಡೆಯಲು ಹಡಗು ಸಾಗಣೆಯ ದಾಖಲೆಯಲ್ಲಿ ಹಿಂದಿನ ದಿನಾಂಕ ಹಾಕಲಾಗಿತ್ತು. ದಿನಾಂಕ ಸುಳ್ಳೆಂದು ನಿರ್ದೇಶಕನಿಗೆ ಗೊತ್ತಿತ್ತು. ಗೊತ್ತಿದ್ದೇ ದಾಖಲೆ ಸಲ್ಲಿಸಿದ್ದ. "ಅದು ಕಂಪನಿಯ ಪರವಾಗಿ ಮಾಡಿದ್ದು" ಎಂಬ ವಾದವನ್ನು ಅದೇ ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿತು. ಮೋಸವನ್ನು ಇನ್ನೊಬ್ಬರ ಪರವಾಗಿ ಮಾಡಿದೆ ಎಂದರೂ ಮಾಡಿದವನು ಮಾಡಿದವನೇ.

ಹಾಗೆಂದು ಕಂಪನಿ ಒಪ್ಪಂದ ಮುರಿದಾಗಲೆಲ್ಲ, ಮುರಿಯಲು ತೀರ್ಮಾನಿಸಿದ ನಿರ್ದೇಶಕನ ಮೇಲೆ ದಾವೆ ಹೂಡಬಹುದೇ? 1920ರಲ್ಲಿ ಲಂಡನ್ನಿನ ರಂಗಮಂದಿರವೊಂದರ ವ್ಯವಸ್ಥಾಪಕ ನಿರ್ದೇಶಕ, ತಮಗೆ ಬೇಡವಾಗಿದ್ದ ಪ್ರೇಕ್ಷಕನೊಬ್ಬ ಸ್ನೇಹಿತನ ಮೂಲಕ ಟಿಕೆಟ್ ಕೊಂಡು ಬಂದಾಗ ಒಳಗೆ ಬಿಡಬೇಡಿ ಎಂದಿದ್ದರು. ಆ ಪ್ರೇಕ್ಷಕ ನಿರ್ದೇಶಕರ ಮೇಲೆಯೇ ದಾವೆ ಹೂಡಿ ಸೋತ. ತನ್ನ ಅಧಿಕಾರದ ಮಿತಿಯೊಳಗೆ, ಸದುದ್ದೇಶದಿಂದ ಕಂಪನಿಗಾಗಿ ತೀರ್ಮಾನ ತೆಗೆದುಕೊಂಡವನನ್ನು ಒಪ್ಪಂದ ಮುರಿಸಿದವನೆಂದು ಹಿಡಿಯಲಾಗದು ಎಂಬುದು ಆ ತೀರ್ಪಿನ ಸಾರ. ಇದು ನ್ಯಾಯವೇ. ಕಷ್ಟದ ತೀರ್ಮಾನ ಮಾಡಿದ್ದಕ್ಕೆಲ್ಲ ಮನೆ ಮಾರಬೇಕೆಂದರೆ ಆ ಕುರ್ಚಿಯಲ್ಲಿ ಕೂರಲು ಯಾರೂ ಬರುವುದಿಲ್ಲ.

[ಪರದೆಯ ಮೇಲೆ: ಮಂಡಳಿ ಸಭೆಯ ನಡಾವಳಿ]

ಮೂರನೆಯದು ನಿರ್ಲಕ್ಷ್ಯ. ಇಲ್ಲಿ ಎದುರಾಳಿ ಹೊರಗಿನವರೇ ಆಗಬೇಕಿಲ್ಲ. ಕಂಪನಿ, ಅದರ ಪರವಾಗಿ ಷೇರುದಾರರು, ದಿವಾಳಿಯಾದ ಮೇಲೆ ಅದರ ಆಸ್ತಿ ಒಟ್ಟುಗೂಡಿಸಿ ಸಾಲಗಾರರಿಗೆ ಹಂಚುವ ಲಿಕ್ವಿಡೇಟರ್, ಕೆಲವೊಮ್ಮೆ ಸರ್ಕಾರದ ನಿಯಂತ್ರಕರು ದಾವೆ ಹೂಡುತ್ತಾರೆ. ಅಮೆರಿಕದ ಡೆಲವೇರ್‌ನಲ್ಲಿ 1985ರ ಒಂದು ತೀರ್ಪು ನಿರ್ದೇಶಕರನ್ನು ಬೆಚ್ಚಿಬೀಳಿಸಿತು. ಟ್ರಾನ್ಸ್ ಯೂನಿಯನ್ ಕಂಪನಿಯನ್ನು ಷೇರಿಗೆ 55 ಡಾಲರ್‌ನಂತೆ ಮಾರಲು ನಿರ್ದೇಶಕರ ಮಂಡಳಿ ಸುಮಾರು ಎರಡು ಗಂಟೆಯ ಸಭೆಯಲ್ಲಿ ಒಪ್ಪಿತ್ತು. ಮುಖ್ಯಸ್ಥರು 20 ನಿಮಿಷ ಬಾಯಿಮಾತಿನಲ್ಲಿ ವಿವರಿಸಿದ್ದನ್ನೇ ಬಹುಮಟ್ಟಿಗೆ ನೆಚ್ಚಿತ್ತು. ಬೆಲೆ ಮಾರುಕಟ್ಟೆಗಿಂತ ಹೆಚ್ಚೇ ಇತ್ತು. ಆದರೂ ತಿಳಿದುಕೊಳ್ಳದೆ ತೀರ್ಮಾನಿಸಿದರೆಂದು ನ್ಯಾಯಾಲಯ ಅವರನ್ನು ಹೊಣೆ ಮಾಡಿತು. ಮರುವರ್ಷವೇ ಆ ರಾಜ್ಯ ಕಾನೂನು ತಿದ್ದಿ, ಇಂಥ ಅಜಾಗರೂಕತೆಗೆ ನಿರ್ದೇಶಕರು ಪರಿಹಾರ ಕೊಡಬೇಕಿಲ್ಲವೆಂದು ಕಂಪನಿಗಳು ತಮ್ಮ ಸ್ಥಾಪನಾ ಪತ್ರದಲ್ಲೇ ಬರೆದುಕೊಳ್ಳಲು ಅವಕಾಶ ಕೊಟ್ಟಿತು. ಅಪ್ರಾಮಾಣಿಕತೆಗೆ ಆ ರಿಯಾಯಿತಿ ಇಲ್ಲ.

ಆಸ್ಟ್ರೇಲಿಯಾದ ಸೆಂಟ್ರೊ ಎಂಬ ಕಂಪನಿಯ ಪ್ರಕರಣ ಇನ್ನೂ ನೇರ. ಅಲ್ಪಾವಧಿಯಲ್ಲಿ ತೀರಿಸಬೇಕಾದ ಸುಮಾರು 150 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಲ ಲೆಕ್ಕಪತ್ರದಲ್ಲಿ ದೀರ್ಘಾವಧಿ ಸಾಲವೆಂದು ಸೇರಿಹೋಗಿತ್ತು. ಲೆಕ್ಕಪರಿಶೋಧಕರು ನೋಡಿದ್ದರಲ್ಲ ಎಂದು ನಿರ್ದೇಶಕರು ಹೇಳಿದರು. ಲೆಕ್ಕಪತ್ರವನ್ನು ಪ್ರತಿಯೊಬ್ಬ ನಿರ್ದೇಶಕನೂ ಸ್ವತಃ ಓದಿ ಅರ್ಥ ಮಾಡಿಕೊಳ್ಳಬೇಕು, ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ ಎಂದು 2011ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತು.

ಕಂಪನಿ ಮುಳುಗುವ ಅಂಚಿಗೆ ಬಂದಾಗ ಈ ಹೊಣೆ ಇನ್ನಷ್ಟು ಬಿಗಿಯಾಗುತ್ತದೆ. ಕಂಪನಿ ದಿವಾಳಿಯಾಗಿದ್ದರೆ ಅಥವಾ ದಿವಾಳಿಯ ಅಂಚಿನಲ್ಲಿದ್ದರೆ ಸಾಲ ಕೊಟ್ಟವರ ಹಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಗೊತ್ತಿದ್ದೂ ಹೊಸ ಸಾಲ ಎತ್ತುವುದು, ನಿರ್ದೇಶಕರ ಸ್ವಂತ ಸಾಲವನ್ನು ಮೊದಲು ತೀರಿಸಿಕೊಳ್ಳುವುದು, ನಂಟರ ಕಂಪನಿಗೆ ಆಸ್ತಿ ದಾಟಿಸುವುದು: ಲಿಕ್ವಿಡೇಟರ್ ಮೊದಲು ಹುಡುಕುವುದೇ ಇವನ್ನು.

ದಾವೆ ಹೂಡುವವರಿಗೂ ಒಂದು ಮಾತು. ಒತ್ತಡ ಹೇರಲೆಂದು ಎಲ್ಲ ನಿರ್ದೇಶಕರ ಹೆಸರನ್ನೂ ಸೇರಿಸುವ ಅಭ್ಯಾಸ ನನಗೆ ಸರಿಯೆನಿಸುವುದಿಲ್ಲ, ನ್ಯಾಯಾಲಯಗಳೂ ಅದನ್ನು ಸಹಿಸುವುದಿಲ್ಲ. ಭಾರತದಲ್ಲಿ ಕಂಪನಿಯ ಚೆಕ್ ಬೌನ್ಸ್ ಆದರೆ, ನಿರ್ದೇಶಕ ಎಂಬ ಹುದ್ದೆಯಷ್ಟೇ ಸಾಲದು, ಆ ಹೊತ್ತಿನಲ್ಲಿ ಕಂಪನಿಯ ವ್ಯವಹಾರದ ಹೊಣೆ ಹೊತ್ತಿದ್ದರೆಂದು ದೂರಿನಲ್ಲಿ ಹೇಳಿರಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ತೀರ್ಮಾನಿಸಿದೆ. ವ್ಯವಸ್ಥಾಪಕ ನಿರ್ದೇಶಕರ ಮತ್ತು ಚೆಕ್ಕಿಗೆ ಸಹಿ ಹಾಕಿದವರ ಮಾತು ಬೇರೆ.

[ಪರದೆಯ ಮೇಲೆ: ಸಮನ್ಸ್ ಬಂದ ದಿನ]

ನಿಮ್ಮ ಹೆಸರಿಗೆ ಸಮನ್ಸ್ ಬಂದರೆ ಮೊದಲ ಕೆಲಸ ಉತ್ತರ ಸಲ್ಲಿಸಲು ಇರುವ ಗಡುವನ್ನು ನೋಡುವುದು. ಒಂದೇ ಒಂದು ಇಮೇಲ್ ಕೂಡ ಅಳಿಸಬೇಡಿ; ಅಳಿಸಿದ್ದು ಬಯಲಾದರೆ ಗೆಲ್ಲುವ ಮೊಕದ್ದಮೆಯೂ ಕೈತಪ್ಪೀತು. ಆ ತೀರ್ಮಾನವಾದ ಸಭೆಯ ನಡಾವಳಿ ತರಿಸಿಕೊಳ್ಳಿ. ನೀವು ಅಂದು ವಿರೋಧಿಸಿದ್ದರೆ ಅದು ದಾಖಲಾಗಿದೆಯೇ ನೋಡಿ. ಕಂಪನಿಯ ವಕೀಲರೇ ನಿಮ್ಮ ಪರವೂ ವಾದಿಸಬಹುದೇ ಎಂದು ನೇರವಾಗಿ ಕೇಳಿ. ತಪ್ಪೆಲ್ಲ ನಿರ್ದೇಶಕನದೇ ಎನ್ನುವುದು ಕಂಪನಿಗೆ ಅನುಕೂಲವಾಗುವಂತಿದ್ದರೆ ನಿಮಗೆ ಬೇರೆ ವಕೀಲರೇ ಬೇಕು. ನಿರ್ದೇಶಕರ ಹೊಣೆಗಾರಿಕೆ ವಿಮೆ ಇದ್ದರೆ ಅಂದೇ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಇಂಥ ಹೆಚ್ಚಿನ ಪಾಲಿಸಿಗಳಲ್ಲಿ ಲೆಕ್ಕಕ್ಕೆ ಬರುವುದು ತಪ್ಪು ನಡೆದ ದಿನವಲ್ಲ, ಕ್ಲೇಮ್ ಬಂದ ದಿನ. ತಡವಾಗಿ ತಿಳಿಸಿದರೆ ರಕ್ಷಣೆ ಕೈಬಿಟ್ಟೀತು. ಹುದ್ದೆ ಬಿಟ್ಟವರೂ, ತಾವಿದ್ದ ಅವಧಿಯ ಕೃತ್ಯಗಳಿಗೆ ಮುಂದೆ ಬರಬಹುದಾದ ದಾವೆಗಳು ಆ ಪಾಲಿಸಿಯಲ್ಲಿ ಸೇರಿವೆಯೇ ಎಂದು ಕೇಳಿ ಬರಹದಲ್ಲಿ ಪಡೆದುಕೊಳ್ಳಬೇಕು.