ಆಬಿತನೊ: ಒತ್ತು ಬೀಳುವ ಜಾಗ

ಇಟಲಿಯ ಬೊಲೊನ್ಯಾದಲ್ಲಿ ನಾನು ಇಟಾಲಿಯನ್ ಕಲಿಯುತ್ತಿರುವುದು ಈ ಅಡುಗೆಮನೆಯ ಮೇಜಿನ ಮುಂದೆ. ಕಳೆದ ವಾರ ಇಲ್ಲೇ ಕುಳಿತು ಮನೆಯೊಡತಿಗೆ ಉತ್ತರ ಹೇಳುತ್ತಿದ್ದೆ. ಅಪ್ಪ ಅಮ್ಮ ಶಿವಮೊಗ್ಗದಲ್ಲಿ ವಾಸವಾಗಿದ್ದಾರೆ ಎನ್ನಬೇಕಿತ್ತು. 'ಅಬಿತಾನೊ' ಎಂದೆ. ಅವರು ಬೆರಳಿನಿಂದ ಮೇಜನ್ನು ನಾಲ್ಕು ಸಲ ತಟ್ಟಿದರು. ಮೊದಲ ಪೆಟ್ಟು ಜೋರು, ಉಳಿದ ಮೂರು ಹಗುರ: ಆ-ಬಿ-ತ-ನೊ.

ಇಟಾಲಿಯನ್ ಬರೆದಂತೆ ಓದುವ ಭಾಷೆ ಎನ್ನುತ್ತಾರೆ. ಅಕ್ಷರಗಳ ಮಟ್ಟಿಗೆ ಬಹುಪಾಲು ನಿಜ. ಆದರೆ ಒತ್ತು, ಅಂದರೆ ಪದದಲ್ಲಿ ದನಿ ಜೋರಾಗುವ ಜಾಗ, ಪದದ ಕೊನೆಯಲ್ಲಿ ಬಿದ್ದಾಗ ಮಾತ್ರ ಅದಕ್ಕೆ ಗುರುತು ಹಾಕುತ್ತಾರೆ, ಬೇರೆಡೆ ಸಾಮಾನ್ಯವಾಗಿ ಇಲ್ಲ. ನಮ್ಮಲ್ಲಿ 'ಕಡು', 'ಕಾಡು' ಎರಡನ್ನೂ ಒಂದೇ ರೀತಿ ಬರೆದಿದ್ದರೆ ಹೇಗಿರುತ್ತಿತ್ತು? ಇಲ್ಲಿ ಹಾಗೆಯೇ: ಒಂದೇ ಕಾಗುಣಿತ, 'ಕಾಪಿತನೊ' ಎಂದರೆ ಸಂಭವಿಸುತ್ತವೆ, 'ಕಪಿತಾನೊ' ಎಂದರೆ ನಾಯಕ.

ಹೆಚ್ಚಿನ ಪದಗಳಲ್ಲಿ ಒತ್ತು ಕೊನೆಯಿಂದ ಎರಡನೆಯ ಅಕ್ಷರಕ್ಕೆ. ನಾನು ಎಡವಿದ್ದು ಅದನ್ನೇ ನಂಬಿ. ಕ್ರಿಯಾಪದದ ವರ್ತಮಾನದಲ್ಲಿ 'ಅವರು' ರೂಪ ಏಕವಚನದ ಒತ್ತನ್ನು ಬಿಟ್ಟುಕೊಡುವುದಿಲ್ಲ. ಅವನು 'ಆಬಿತ', ಅವರು 'ಆಬಿತನೊ'. ಬಾಲ ಬೆಳೆದರೂ ತಲೆ ಅಲ್ಲಾಡದು. 'ನಾವು', 'ನೀವು' ಬಂದಾಗ ಮಾತ್ರ ಒತ್ತು ಪ್ರತ್ಯಯಕ್ಕೆ ಜಾರುತ್ತದೆ: ಅಬಿತ್ಯಾಮೊ, ಅಬಿತಾತೆ. ಕೊನೆಯಿಂದ ಮೂರನೆಯ ಅಕ್ಷರಕ್ಕೆ ಒತ್ತಿರುವ ಪದವನ್ನು ಇಲ್ಲಿನವರು 'ಸ್ದ್ರುಚ್ಚೊಲ' ಎನ್ನುತ್ತಾರೆ, ಜಾರುವ ಪದ ಎಂದರ್ಥ. ನಾಲ್ಕನೆಯದಕ್ಕೆ ಹೋದರೆ 'ಬಿಸ್ದ್ರುಚ್ಚೊಲ'. ಎಷ್ಟು ಚೆಂದದ ಹೆಸರು!

ನನ್ನ ನೋಟ್‌ಬುಕ್‌ನ ಈ ಪುಟ ನೋಡಿ, ಶಾಲೆಯಲ್ಲಿ ಹಾಕಿದಂತೆ ಲಘು ಗುರು ಹಾಕಿದ್ದೇನೆ. 'ಪರ್ಲೆರೇಮೊ', ನಾವು ಮಾತನಾಡುವೆವು. 'ಪರ್ಲೆರೆಮ್ಮೊ', ಮಾತನಾಡುತ್ತಿದ್ದೆವು, ಅವಕಾಶವಿದ್ದಿದ್ದರೆ. ವ್ಯತ್ಯಾಸ ಒಂದೇ ಒಂದು ಮಕಾರದ ದ್ವಿತ್ವ. ಪದ ಒಡೆಯುವುದೂ ನಮ್ಮಂತೆಯೇ, ರೆಮ್-ಮೊ. ಒತ್ತಕ್ಷರದಲ್ಲಿ ಬೆಳೆದ ನಾಲಿಗೆಗೆ ಇದು ತವರುಮನೆ. 'ಕಪಿಸ್ಕೊ' (ನನಗೆ ಅರ್ಥವಾಗುತ್ತದೆ) ಎಂಬಲ್ಲಿ ಮಾತ್ರ ಜಗಳ: ಇಲ್ಲಿನ ಶಾಲಾ ನಿಯಮ ಸಕಾರವನ್ನು ಮುಂದಕ್ಕೆ ತಳ್ಳಿ ಕ-ಪಿ-ಸ್ಕೊ ಎಂದು ಒಡೆಯುತ್ತದೆ. ನನ್ನ ಕಿವಿಗೆ ಆ 'ಪಿ' ಇಂದಿಗೂ ಗುರುವೇ.

ಇವತ್ತು ಬೆಳಿಗ್ಗೆ ಮನೆಯೊಡತಿ ಕಾಫಿ ಸುರಿಯುತ್ತಾ ಊರಿನ ಸುದ್ದಿ ಕೇಳಿದರು. ಅಪ್ಪ ಅಮ್ಮ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ ಎಂದೆ. 'ತೆಲೇಫೊನನೊ.' ಅವರ ಬೆರಳು ಮೇಜಿನತ್ತ ಹೋಗಲಿಲ್ಲ. ಸಕ್ಕರೆ ಡಬ್ಬಿಯನ್ನು ನನ್ನ ಕಡೆ ಸರಿಸಿದರು.