ಆನೆಯ ಮೂಗಿಗೆ ನಾವು ಯಾರು?

ಮಕ್ಕಳೇ, ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಸಕಲೇಶಪುರದ ಹತ್ತಿರ, ಕಾಫಿ ತೋಟದ ಲೈನ್ ಮನೆಯಲ್ಲಿ. ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ, ಮಳೆ ಹೊಳವಾಗಿ ಮಂಜು ಕವಿದಿದ್ದ ಹೊತ್ತಲ್ಲಿ, ಅಜ್ಜನ ಜೊತೆ ಹಲಸಿನ ಹಣ್ಣು ತರಲು ಹೊರಟಿದ್ದೆ. ಅಜ್ಜ ಥಟ್ಟನೆ ನನ್ನ ತೋಳು ಹಿಡಿದು ನಿಲ್ಲಿಸಿದರು. ಹಲಸಿನ ಮರದ ಬುಡದಲ್ಲಿ ಬಂಡೆಯ ಹಾಗೆ ಒಂದು ಸಲಗ! ಅದು ನಮ್ಮ ಕಡೆ ತಲೆ ತಿರುಗಿಸಲೇ ಇಲ್ಲ. ಸೊಂಡಿಲನ್ನು ಮಾತ್ರ ಮೇಲೆತ್ತಿ, ಹೆಡೆಯ ಹಾಗೆ ಬಾಗಿಸಿ, ತುದಿಯನ್ನು ನಮ್ಮತ್ತ ಹಿಡಿಯಿತು.

"ಅಲ್ಲಾಡ್ಬೇಡ ಮಗಾ, ವಾಸ್ನೆ ಹಿಡೀತಿದೆ" ಅಂದರು ಅಜ್ಜ, ಕಿವಿಯಲ್ಲಿ.

ನಾವು ಒಬ್ಬರನ್ನೊಬ್ಬರು ಮುಖ ನೋಡಿ ಗುರುತು ಹಿಡೀತೀವಿ, ಅಲ್ವಾ? ಆನೆಗೆ ಮೊದಲು ಬೇಕಾದದ್ದು ವಾಸನೆ. ವಾಸನೆ ಗ್ರಹಿಸಲು ನೆರವಾಗುವ, ಅಪ್ಪ-ಅಮ್ಮನಿಂದ ಬರುವ ಸೂಚನೆಗಳಾದ ಜೀನ್‌ಗಳು ನಮ್ಮಲ್ಲಿ ಸುಮಾರು 400 ಇದ್ದರೆ, ಆಫ್ರಿಕದ ಆನೆಯಲ್ಲಿ ಸುಮಾರು 2,000 ಇವೆ. ಅಷ್ಟೇ ಅಲ್ಲ, ಆನೆ ಏನನ್ನೋ ಮುಟ್ಟಿ ಸೊಂಡಿಲ ತುದಿಯನ್ನು ಬಾಯೊಳಗೆ ಇಟ್ಟುಕೊಳ್ಳುವುದನ್ನು ನೋಡಿದ್ದೀರಾ? ಪ್ರತಿ ಸಲವೂ ಅದು ತಿನ್ನೋದಕ್ಕೇ ಅಂದುಕೊಳ್ಳಬೇಡಿ. ಅದರ ಅಂಗುಳಿನಲ್ಲಿ ವಾಸನೆ ತಿಳಿಯುವ ಇನ್ನೊಂದು ಅಂಗ ಇದೆ.

ಕೀನ್ಯಾ ದೇಶದಲ್ಲಿ ಅಂಬೊಸೆಲಿ ಅನ್ನುವ ರಾಷ್ಟ್ರೀಯ ಉದ್ಯಾನವಿದೆ. ಅದರ ಸುತ್ತಮುತ್ತ ದನ ಮೇಯಿಸುವ ಮಸಾಯಿ ಜನರಿದ್ದಾರೆ, ಬೇಸಾಯ ಮಾಡುವ ಕಂಬಾ ಜನರೂ ಇದ್ದಾರೆ. ಆನೆಗಳಿಗೆ ಆಗಾಗ ಭರ್ಜಿ ಎಸೆಯುತ್ತಿದ್ದವರು ಮಸಾಯಿ ಗಂಡಸರು. ಈ ಎರಡೂ ಜನಾಂಗದವರು ತೊಟ್ಟ ಬಟ್ಟೆಗಳನ್ನು ವಿಜ್ಞಾನಿಗಳು ಆನೆಗಳ ದಾರಿಯಲ್ಲಿಟ್ಟು ಕಾದರು. ಮಸಾಯಿಗಳ ಬಟ್ಟೆ ಮೂಗಿಗೆ ಬಿದ್ದದ್ದೇ ತಡ, ಆನೆಗಳು ದೂರ ದೂರ ಓಡಿದವು! 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಧ್ವನಿ ಕೇಳಿಸಿದರು. "ನೋಡಿ, ಅಲ್ಲಿ ನೋಡಿ, ಆನೆ ಹಿಂಡು ಬರ್ತಿದೆ" ಅನ್ನುವ ಮಾತು, ಬೇರೆ ಬೇರೆ ಬಾಯಲ್ಲಿ. ಮಸಾಯಿ ಗಂಡಸರ ದನಿಗೆ ಆನೆಗಳು ಒತ್ತೊತ್ತಾಗಿ ಗುಂಪುಗೂಡಿದವು. ಅದೇ ಮಾತನ್ನು ಮಸಾಯಿ ಹೆಂಗಸರೋ ಹುಡುಗರೋ ಹೇಳಿದಾಗ ಅಷ್ಟು ಹೆದರಲಿಲ್ಲ. ಮಾತಾಡುವವರು ದೊಡ್ಡವರೋ ಮಕ್ಕಳೋ ಅನ್ನುವುದು ಅವಕ್ಕೆ ತಿಳಿಯುತ್ತೆ, ಮಕ್ಕಳೇ! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಮ್ಮ ಮುತ್ತೋಡಿ ಕಾಡಿನ ಜಿಂಕೆಯದು ಬೇರೆ ಲೋಕ. ಅದರ ಕಣ್ಣಿಗೆ ಕೆಂಪು ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ. ಅದಕ್ಕೇ ಹುಲಿಯ ಕಿತ್ತಳೆ ಬಣ್ಣ ಹಸಿರು ಪೊದೆಯಲ್ಲಿ ಬೆರೆತುಹೋಗುತ್ತೆ. ನಿಮ್ಮ ನೀಲಿ ಸ್ವೆಟರ್ ಮಾತ್ರ ಅದಕ್ಕೆ ಚೆನ್ನಾಗಿ ಕಾಣುತ್ತೆ. ಇನ್ನು ಚಾರ್ಮಾಡಿ ಘಾಟಿಯ ಕೋತಿ? ನೀವು ಅಕ್ಕರೆಯಿಂದ ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ, "ಇವನು ಜಗಳಕ್ಕೆ ಬಂದ" ಅಂತಲೇ ಅದರ ಲೆಕ್ಕ.

ಮತ್ತೆ ಆ ಸಲಗಕ್ಕೆ ಬರೋಣ. ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ. ಕೊನೆಗೆ ಅದು ಸೊಂಡಿಲು ಇಳಿಸಿ, ಒಂದು ಹಲಸಿನ ಹಣ್ಣನ್ನು ಕಾಲಿನಿಂದ ಒತ್ತಿ ಒಡೆದು ತಿನ್ನತೊಡಗಿತು. ಅಜ್ಜ ನನ್ನನ್ನು ಹಿಡಿದುಕೊಂಡೇ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದರು.

ಅಂದು ರಾತ್ರಿ ಕಂಬಳಿಯೊಳಗೆ ನನ್ನ ಅಂಗಿ ತೋಳನ್ನು ಮೂಗಿಗೆ ಹಿಡಿದು ನೋಡಿದೆ. ಒಲೆ ಹೊಗೆ, ಒದ್ದೆ ಕಂಬಳಿ, ಅಜ್ಜನ ಎಲೆಅಡಿಕೆ. ಆನೆಗೆ ಇನ್ನೂ ಏನೇನು ಸಿಕ್ಕಿತ್ತೋ!