ಶರಾಕು ಬಿಡಿಸಿದ ಕೈಗಳು

ಕೇಳುಗರಿಗೆ ನಮಸ್ಕಾರ. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು, ಮಾತಿನಲ್ಲೇ ಬಿಡಿಸುತ್ತೇನೆ. ಎರಡು ಕೈಗಳನ್ನು ಮನಸ್ಸಿಗೆ ತಂದುಕೊಳ್ಳಿ. ನಿಲುವಂಗಿಯ ಎದೆಯ ಸೀಳಿನಿಂದ ಅವು ಹೊರಗೆ ಚಾಚಿವೆ, ಬೆರಳುಗಳೆಲ್ಲ ಬಿರಿದು ನಿಂತಿವೆ. ಮೇಲೆ ಮುಂದಕ್ಕೆ ಚಾಚಿದ ದೊಡ್ಡ ತಲೆ, ಬಿಗಿದ ತುಟಿ, ಮೂಗಿನ ಕಡೆಗೆ ಸರಿದ ಕಣ್ಣುಗುಡ್ಡೆ. ಆ ತಲೆಗೆ ಈ ಕೈಗಳು ತೀರಾ ಚಿಕ್ಕವು. ಆದರೂ ದೋಚಲು ಹೊರಟವನ ಆತುರವೆಲ್ಲ ಅವುಗಳಲ್ಲೇ ಇದೆ.

ಪಾತ್ರದ ಹೆಸರು ಎಡೊಬೆ. ಆಡಿದವನು ಜಪಾನಿನ ಕಬುಕಿ ಎಂಬ ಜನಪ್ರಿಯ ರಂಗಕಲೆಯ ನಟ, ಆ ಹೆಸರು ಹೊತ್ತವರಲ್ಲಿ ಮೂರನೆಯವನಾದ ಒತಾನಿ ಒನಿಜಿ. ನಾಟಕ ನಡೆದದ್ದು 1794ರಲ್ಲಿ, ಇಂದು ಟೋಕಿಯೊ ಎನಿಸಿಕೊಂಡಿರುವ ಎಡೊ ನಗರದ ಕವರಾಜಾಕಿ ರಂಗಮಂದಿರದಲ್ಲಿ. ಚಿತ್ರ ಬರೆದವನು ತೋಶೂಸಾಯಿ ಶರಾಕು.

ಶರಾಕುವಿನವು ಮರದ ಹಲಗೆಯಿಂದ ಅಚ್ಚು ಹಾಕಿದ ಚಿತ್ರಗಳು, ಒಬ್ಬನೇ ಮಾಡಿ ಮುಗಿಸುವಂಥವಲ್ಲ. ಶರಾಕು ಕಾಗದದ ಮೇಲೆ ಗೆರೆ ಎಳೆದರೆ, ಕೆತ್ತುವವನು ಅದನ್ನು ಚೆರಿ ಮರದ ಹಲಗೆಗೆ ಅಂಟಿಸಿ ಗೆರೆಯಷ್ಟೇ ಉಬ್ಬಿ ನಿಲ್ಲುವಂತೆ ಸುತ್ತಲಿನ ಮರವನ್ನು ತೆಗೆಯುತ್ತಿದ್ದ. ಬಣ್ಣಗಳಿಗೆ ಬೇರೆ ಬೇರೆ ಹಲಗೆ. ಅಚ್ಚು ಹಾಕುವವನು ಹಲಗೆಯ ಮೂಲೆಯ ಗುರುತಿಗೆ ಕಾಗದವನ್ನು ಕೂಡಿಸಿ, ಬಿದಿರಿನ ಪೊರೆ ಸುತ್ತಿದ ಬಿಲ್ಲೆಯಿಂದ ಬೆನ್ನ ಮೇಲೆ ಉಜ್ಜುತ್ತಿದ್ದ. ಕೂದಲೆಳೆಯಷ್ಟು ಸರಿದರೂ ಬಣ್ಣ ಗೆರೆ ದಾಟುತ್ತದೆ. ಪ್ರಕಾಶಕ ತ್ಸುತಾಯಾ ಜೂಜಾಬುರೊ ಇನ್ನೂ ಧಾರಾಳವಾದ: ಮೊದಲ 28 ಚಿತ್ರಗಳ ಕಪ್ಪು ಹಿನ್ನೆಲೆಗೆ ಅಭ್ರಕದ ಪುಡಿ ಹಾಕಿಸಿದ. ಹಾಳೆಯನ್ನು ತುಸು ವಾಲಿಸಿದರೆ ಆ ಕಪ್ಪು ಮಿನುಗುತ್ತದೆ.

ಕಬುಕಿ ರಂಗದಿಂದ ಹೆಂಗಸರನ್ನು 1629ರಲ್ಲೇ ನಿಷೇಧಿಸಿದ್ದರು. ಸ್ತ್ರೀವೇಷವೂ ಗಂಡಸರದೇ. ಉಳಿದ ಕಲಾವಿದರು ಆ ವೇಷಗಳನ್ನು ಚೆಲುವೆಯರನ್ನಾಗಿಯೇ ಬರೆಯುತ್ತಿದ್ದರು. ಶರಾಕು ಹಾಗೆ ಮಾಡಲಿಲ್ಲ. ಮೂರನೆಯ ಸೆಗಾವಾ ಕಿಕುನೊಜೊ ಗೃಹಿಣಿ ಒಶಿಜುವಾಗಿರುವ ಚಿತ್ರದಲ್ಲಿ ನಲವತ್ತು ದಾಟಿದ ಗಂಡಸಿನ ದಪ್ಪ ದವಡೆ ಹಾಗೆಯೇ ಕಾಣುತ್ತದೆ. ನನಗಂತೂ ಇದರಲ್ಲಿ ಗೇಲಿ ಕಾಣುವುದಿಲ್ಲ. ಆ ದವಡೆಯ ಮೇಲೆ ಒಬ್ಬ ಹೆಣ್ಣನ್ನು ನಿಲ್ಲಿಸಲು ನಟ ಪಟ್ಟ ಶ್ರಮಕ್ಕೆ ಶರಾಕು ಕೊಟ್ಟ ಗೌರವ ಅದು.

ಅಭಿಮಾನಿಗಳಿಗೆ ಅದು ರುಚಿಸಲಿಲ್ಲವೇನೋ. ನಿಜವನ್ನು ಅತಿಯಾಗಿ ಬರೆಯಲು ಹೋಗಿ ಹೆಚ್ಚು ಕಾಲ ಉಳಿಯಲಿಲ್ಲ ಎಂದು ಹಳೆಯ ಜಪಾನಿ ಬರಹವೊಂದು ಹೇಳುತ್ತದೆ. ಸುಮಾರು ಹತ್ತು ತಿಂಗಳು, 140ಕ್ಕೂ ಹೆಚ್ಚು ಚಿತ್ರಗಳು. 1795ರ ಆರಂಭದ ನಂತರ ಶರಾಕುವಿನ ಸುಳಿವಿಲ್ಲ. ನೋ ಎಂಬ ಹಳೆಯ ಜಪಾನಿ ಮುಖವಾಡದ ನಾಟಕದ ನಟ ಸೈತೊ ಜೂರೊಬೆಯೇ ಆತ ಎಂದು ಇಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಹಾಗಿದ್ದರೆ, ವೇಷದೊಳಗಿನ ಮುಖ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಒನಿಜಿ 1794ರಲ್ಲೇ ನಕಾಮುರಾ ನಕಾಜೊ ಎಂಬ ಹೊಸ ಹೆಸರು ಪಡೆದ. 1796ರಲ್ಲಿ ತೀರಿಕೊಂಡ. ಆ ಹತ್ತು ಬೆರಳುಗಳು ಇನ್ನೂ ಮಡಚಿಕೊಂಡಿಲ್ಲ.